ಅತ್ತೆಯನ್ನು ಎತ್ತುವ ಕಸರತ್ತು

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದ ಹೆಂಗಸರು ಕಣ್ಣುಜ್ಜಿಕೊಳ್ಳುತ್ತಲೇ ಎದುರುಮನೆಯ ಹೊಸ್ತಿಲು ನೋಡುತ್ತಾರೆ. ಅಲ್ಲಿ ತುಳಿದ ವೀಳ್ಯದೆಲೆ ಬಿದ್ದಿದ್ದರೆ ಸರಿ, ಆ ಮನೆಯವರನ್ನು ಮನೆಯವರೇ ಎತ್ತಿ ಎಲೆಯ ಮೇಲೆ ಇಳಿಸಿದ್ದಾರೆ, ಎಲ್ಲ ಕ್ಷೇಮ. ಎತ್ತಿಸಿಕೊಂಡವರಿಗೆ ಒಂದೊಂದು ಎಲೆ. ತುಂಬಿದ ಮನೆಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ, ಆ ಮನೆಯ ಸೊಸೆಯಂದಿರು ಬೇಕೆಂದೇ ಹೊತ್ತೇರುವ ತನಕ ಕಸ ಗುಡಿಸುವುದಿಲ್ಲ. ಎಲೆಯೇ ಕಾಣದಿದ್ದರೆ ಮಾತ್ರ ಹಾಲಿನವನಿಂದ ಹಿಡಿದು ಪೂಜಾರಿಯ ತನಕ ಅಂದು ಎಲ್ಲರ ಬಾಯಿಗೂ ಆ ಮನೆಯೇ ಎಲೆ ಅಡಿಕೆ.

ಎತ್ತದೆ ಬಿಟ್ಟದ್ದು ಭಾರವಾಗುತ್ತದೆ. ಇದನ್ನು ನಮ್ಮೂರಿನ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ಬೆಂಕಿ ಸುಡುತ್ತದೆ ಎಂದು ತಿಳಿದ ಹಾಗೆ ತಾವೇ ತಿಳಿದುಕೊಳ್ಳುತ್ತಾರೆ. ಒಲೆ ಹಚ್ಚುವ ಮುಂಚೆ ಪಾತ್ರೆಗಳನ್ನೆಲ್ಲ ಒಂದು ಸಲ ಎತ್ತಿ ಇಡುತ್ತೇವೆ. ನೆಂಟರ ಮದುವೆಗೆಂದು ಪರವೂರಿಗೆ ಹೊರಟರೆ ಪಕ್ಕದ ಮನೆಗೆ ಬೀಗದ ಕೈ ಕೊಟ್ಟು, ಹಂಡೆ ಪೆಟ್ಟಿಗೆಗಳನ್ನು ಒಂದಿಷ್ಟು ಎತ್ತಿಡಿ ಎಂದು ಹೇಳಿ ಹೋಗುತ್ತೇವೆ. ಮನುಷ್ಯರ ವಿಷಯ ಸ್ವಲ್ಪ ಬೇರೆ. ಅವರನ್ನು ಮನೆಯವರೇ ಎತ್ತಬೇಕು, ಕೂಲಿಯವರು ಎತ್ತಿದರೆ ಏನೂ ಇಳಿಯುವುದಿಲ್ಲ. ಅದೂ ಒಬ್ಬರ ಕೈಗೆ ಒಬ್ಬರೇ. ಒಂದೇ ದಿನ ಇನ್ನೊಬ್ಬರನ್ನೂ ಎತ್ತಿದರೆ ಆ ಎರಡನೆಯ ಎತ್ತಿನ ಫಲ ಅರ್ಧಂಬರ್ಧ.

ನಮ್ಮ ಮನೆಯಲ್ಲಿ ನಾವು ಮೂವರು. ಯಜಮಾನರು ತಮ್ಮ ತಾಯಿಯನ್ನು ಎತ್ತುತ್ತಿದ್ದರು, ಅತ್ತೆ ನನ್ನನ್ನು ಎತ್ತುತ್ತಿದ್ದರು, ನಾನು ಯಜಮಾನರನ್ನು ಎತ್ತುತ್ತಿದ್ದೆ. ನಾನು ಮದುವೆಯಾಗಿ ಬಂದ ದಿನ, ಇನ್ನೂ ಸೇರಕ್ಕಿ ಒದೆಯುವುದಕ್ಕೂ ಮುಂಚೆ, ಅತ್ತೆ ಬಾಗಿಲಲ್ಲೇ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಎಲೆಯ ಮೇಲೆ ಇಳಿಸಿದರು. "ಹಗುರವಾಗಿದ್ದೀಯ. ಈ ಮನೇಲಿ ಹೀಗೇ ಇರು," ಎಂದರು. ಹೆದರಿ ಬೆವರುತ್ತಿದ್ದ ನನಗೆ ಆ ಒಂದು ಮಾತೇ ಸಾಕಾಯಿತು. ಅದಾದ ಮೇಲೆ ಅವರು ನನಗೆ ಸಾವಿರ ಮಾತು ಅಂದಿದ್ದಾರೆ, ಬಾಯಿ ಬೊಂಬಾಯಿ ನಮ್ಮ ಅತ್ತೆ ನಂಜಮ್ಮಣ್ಣಿಯವರದು. ಸಾರಿಗೆ ಉಪ್ಪು ಜಾಸ್ತಿಯಾದರೆ ಮೂರು ಬೀದಿಗೆ ಕೇಳಿಸುವಂತೆ ಅನ್ನುತ್ತಿದ್ದರು. ಆದರೆ ಬೆಳಿಗ್ಗೆ ಎತ್ತುವುದನ್ನು ಮಾತ್ರ ಜಗಳವಾಡಿದ ಮಾರನೆಯ ದಿನವೂ ತಪ್ಪಿಸಿದವರಲ್ಲ.

ಮೂರು ವರ್ಷದ ಹಿಂದೆ ಯಜಮಾನರು ಹೋದರು. ಅವರು ಹಾಸಿಗೆ ಹಿಡಿದಾಗಲೇ ಅತ್ತೆಯನ್ನು ಎತ್ತುವವರಿಲ್ಲದೆ ಅವರ ಭಾರ ಏರಿತ್ತು. ಕರ್ಮಾಂತರಗಳೆಲ್ಲ ಮುಗಿದ ದಿನ ಅತ್ತೆ ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕೂತರು, ಮತ್ತೆ ತಾವಾಗಿ ಏಳಲಿಲ್ಲ. ತಮ್ಮ ಭಾರವನ್ನು ತಮ್ಮ ಕಾಲುಗಳೇ ತಾಳದಂತಾದವು. ನನ್ನ ಕೈಗಂತೂ ಆ ಭಾರ ಆಗಲೇ ಮೀರಿತ್ತು. ನಿಲ್ಲಲಾರದವರು ನನ್ನನ್ನು ಎತ್ತುವುದು ಎಲ್ಲಿಂದ ಬಂತು? ಸರಪಳಿಯ ಒಂದು ಕೊಂಡಿ ಕಳಚಿತ್ತು, ಉಳಿದ ಎರಡೂ ನೆಲಕ್ಕೆ ಬಿದ್ದಿದ್ದವು. ಕೋಟೆ ಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನನ್ನ ಮೈದುನ ರುದ್ರೇಶ ದಿನಾ ಬೆಳಿಗ್ಗೆ ತನ್ನ ಹೆಂಡತಿಯನ್ನು ಎತ್ತಿಟ್ಟು, ಸೈಕಲ್ ತುಳಿದುಕೊಂಡು ಬಂದು ತಾಯಿಯನ್ನು ಎತ್ತಿ ಹೋಗುತ್ತಿದ್ದ. ಅದು ಎರಡನೆಯ ಎತ್ತು. ಅರ್ಧ ಫಲದಿಂದ ಅತ್ತೆಯ ಭಾರ ಇಳಿಯಲಿಲ್ಲ, ಏರುವುದು ನಿಧಾನವಾಯಿತು ಅಷ್ಟೆ. ನನ್ನನ್ನಂತೂ ಯಾರೂ ಎತ್ತಲಿಲ್ಲ. ನಾನು ರವಿಕೆ ಹೊಲಿಯುವವಳು, ಯಂತ್ರದ ಮುಂದೆ ಕೂತು ಕೂತು ಮೊದಲೇ ಕುಂಬಳಕಾಯಿಯಾಗಿದ್ದೆ. ಈಗ ಮೆಟ್ಟಿಲು ಹತ್ತಿದರೆ ಹಲಗೆ ಕಿರುಗುಟ್ಟುತ್ತಿತ್ತು. ಅದರಲ್ಲಿ ಹೋಳಿಗೆಯ ಪಾಲೆಷ್ಟು, ಎತ್ತದೆ ಬಿಟ್ಟದ್ದರ ಪಾಲೆಷ್ಟು ಎಂದು ದಯವಿಟ್ಟು ಕೇಳಬೇಡಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ರುದ್ರೇಶ ಅತ್ತೆಯನ್ನು ಎತ್ತಿ ಇಳಿಸಿದವನು ಗೋಡೆಗೆ ಒರಗಿ ಬಹಳ ಹೊತ್ತು ಏದುಸಿರು ಬಿಟ್ಟ. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದು, ತಲೆ ತಗ್ಗಿಸಿಕೊಂಡೇ ಹೇಳಿದ.

"ಅತ್ತಿಗೆ, ಇನ್ನು ನನ್ನ ಕೈಲಿ ಆಗಲ್ಲ. ಯುಗಾದಿವರೆಗೆ ಹೆಂಗೋ ಎಳೀತೀನಿ. ಆಮೇಲೆ ಭಾರದ ಮನೆಯವರಿಗೆ ಹೇಳೋದೇ ಒಳ್ಳೇದು."

ಅವನ ಕಣ್ಣಲ್ಲಿ ನೀರಿತ್ತು, ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಭಾರದ ಮನೆ ಇರುವುದು ಕೆರೆ ಏರಿಯ ಆಚೆ. ದಪ್ಪ ಚಪ್ಪಡಿಯ ನೆಲ, ಸೂರಿನ ತುಂಬ ರಾಟೆ, ಹಗ್ಗ. ಅಲ್ಲಿನವರು ಕೆಟ್ಟವರೇನಲ್ಲ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಬಡಿಸುತ್ತಾರೆ, ಹಬ್ಬಕ್ಕೆ ಪಾಯಸವನ್ನೂ ಮಾಡುತ್ತಾರೆ. ಆದರೆ ಅಲ್ಲಿ ಯಾರನ್ನೂ ಎತ್ತುವುದಿಲ್ಲ, ಸರಿಸುತ್ತಾರೆ. ಹೋದವರು ಭಾರವಾಗುತ್ತಲೇ ಹೋಗುತ್ತಾರೆ, ಯಾರೂ ತಿರುಗಿ ಬಂದದ್ದಿಲ್ಲ.

ಒಳಗೆ ಬಂದರೆ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಒಳ್ಳೆಯದೇ ಆಯಿತು ಬಿಡು, ಅಲ್ಲಿ ನಿನಗಿಂತ ಚೆನ್ನಾಗಿ ಅಡಿಗೆ ಮಾಡುತ್ತಾರಂತೆ ಎಂದರು. ಹಾಗೆನ್ನುವಾಗ ಅವರ ಬೆರಳುಗಳು ಸೆರಗಿನ ತುದಿಯನ್ನು ಹುರಿ ಮಾಡಿ ಹುರಿ ಮಾಡಿ ಬಿಡುತ್ತಿದ್ದವು. ಅದನ್ನು ನೋಡಿದ್ದೇ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ನಾನು ಎತ್ತುತ್ತೀನಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗ ಹೋದ ಮೇಲೆ ಮೊದಲ ಸಲ ನಕ್ಕರು. "ನೀನಾ? ಕೈಯಿಂದ ಸೂಜಿ ಬಿದ್ರೆ ಬಗ್ಗಿ ತಗೊಳೋಕೆ ಆಗದೋಳು," ಎಂದರು. ಅವರು ಅತ್ತಿದ್ದರೆ ನಾನೂ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ನಕ್ಕದ್ದರಿಂದ ನನಗೆ ಹಟ ಬಂತು. ಈ ಬಾಯಿಯನ್ನು ಆ ಚಪ್ಪಡಿ ಮನೆಗೆ ಕಳಿಸಿ, ಈ ಪಡಸಾಲೆಯಲ್ಲಿ ನಾನೊಬ್ಬಳೇ ಕೂತು ಯಾರ ರವಿಕೆಗೆ ಗುಂಡಿ ಹಚ್ಚಲಿ?

ಮಾರನೆಯ ಬೆಳಿಗ್ಗೆಯೇ ಹೊಸದಾಗಿ ಬಂದಿದ್ದ ರಾಗಿ ಮೂಟೆಯ ಮೇಲೆ ಬಿದ್ದೆ. ಸೆರಗು ಸಿಕ್ಕಿಸಿ, ಬಗ್ಗಿ, ತಬ್ಬಿ, ಹಲ್ಲು ಕಚ್ಚಿ ಎಳೆದೆ. ಮೂಟೆ ಅಲ್ಲೇ ಇತ್ತು, ನನ್ನ ಸೊಂಟ ಮಾತ್ರ ಎಲ್ಲಿಗೋ ಹೋಯಿತು. ಎದುರುಮನೆಯ ಫಿಲೋಮಿನಾ ಟೀಚರ್ ರವಿಕೆ ಕೇಳಲು ಬಂದಾಗ ನಾನು ಕಾವಲಿಯ ಮೇಲಿನ ದೋಸೆಯಂತೆ ನೆಲಕ್ಕೆ ಅಂಟಿಕೊಂಡಿದ್ದೆ. ಟೀಚರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಈಗಲೂ ಕೊರಳಲ್ಲಿ ಶಿಲುಬೆಯ ಜೊತೆಗೆ ಸೀಟಿ ನೇತಾಡುತ್ತದೆ. ಅತ್ತೆ ಅವರಿಗೆ ನಡೆದದ್ದನ್ನೆಲ್ಲ ಒಂದಕ್ಕೆರಡು ಮಾಡಿ ವರದಿ ಒಪ್ಪಿಸಿದರು. ಟೀಚರ್ ನಗಲಿಲ್ಲ. ನನ್ನ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಇಡುತ್ತಾ ಯುಗಾದಿಗೆ ಇನ್ನೆಷ್ಟು ಸಮಯವಿದೆ ಎಂದು ಕೇಳಿದರು.

"ಸೊಂಟದಿಂದ ಎತ್ತೋದು ದಡ್ಡರ ಕೆಲಸ, ಗಂಗಾ. ಭಾರ ಎತ್ತೋದು ಕಾಲು. ಮೊದಲು ನಿನ್ನ ಭಾರ ನೀನು ಎತ್ತೋದು ಕಲಿ, ಮೂಟೆ ಎಲ್ಲೂ ಓಡಿ ಹೋಗಲ್ಲ," ಎಂದರು.

ಸೊಂಟ ಸರಿಯಾದ ಮೇಲೆ ಪಾಠ ಶುರುವಾಯಿತು. ಮೊದಮೊದಲು ಭಾರವೇ ಇಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಮತ್ತೆ ಏಳುವುದು. ಇಷ್ಟು ಸುಲಭವೇ ಎಂದುಕೊಂಡವಳು ಎರಡನೆಯ ಸುತ್ತಿಗೆ ಕುರ್ಚಿಯಲ್ಲೇ ಕೂತುಬಿಟ್ಟೆ. ಆಮೇಲೆ ಕಿಟಕಿಯ ಸರಳು ಹಿಡಿದು ಬಸ್ಕಿ. ಶಾಲೆಯಲ್ಲಿ ಮಗ್ಗಿ ತಪ್ಪಿದಾಗ ಹೊಡೆದ ಬಸ್ಕಿಯನ್ನು ಈ ವಯಸ್ಸಿನಲ್ಲಿ ಯಾವ ತಪ್ಪಿಗೆ ಹೊಡೆಯುತ್ತಿದ್ದೇನೆ ಎಂದು ನನಗೇ ನಗು ಬರುತ್ತಿತ್ತು. ನೆಲದ ಮೇಲೆ ದಂಡ ಹೊಡೆಯಲು ಆಗುವುದಿಲ್ಲವೆಂದು ಗೋಡೆಗೆ ಕೈ ಕೊಟ್ಟು ತಳ್ಳುವುದು. ಗೋಡೆಯಾಚೆಯವರು ಭೂಕಂಪವೇನಾದರೂ ಆಯಿತೇ ಎಂದು ಒಮ್ಮೆ ಕೇಳಿಕೊಂಡು ಬಂದಿದ್ದರು. ಮಾರನೆಯ ದಿನ ತೊಡೆಗಳು ಎಷ್ಟು ನೋಯುತ್ತಿದ್ದವೆಂದರೆ ಹೊಲಿಗೆ ಯಂತ್ರದ ಪೆಡಲ್ ತುಳಿಯಲಾಗದೆ, ಮದುವೆ ಮನೆಯವರ ರವಿಕೆಗಳೆಲ್ಲ ತೋಳಿಲ್ಲದೆ ಬಿದ್ದಿದ್ದವು.

ದಿನವೂ ಮಾಡುತ್ತೇನೆ, ಯುಗಾದಿ ಹತ್ತಿರ ಬರುತ್ತಿದೆ ಎಂದು ನಾನು ಹಟ ಮಾಡಿದರೆ ಟೀಚರ್ ಒಪ್ಪಲಿಲ್ಲ. ಗೋಡೆಗೆ ಸುಣ್ಣ ಬಳಿದರೆ ಒಣಗಲು ಬಿಡುತ್ತೀಯೋ ಇಲ್ಲವೋ, ಮೈಗೂ ಹಾಗೇ ಎಂದರು. ದಿನ ಬಿಟ್ಟು ದಿನ ಕಸರತ್ತು, ನಡುವೆ ಹೆಸರುಕಾಳು, ಹುರುಳಿ, ಹಾಲು, ಕಣ್ತುಂಬ ನಿದ್ದೆ. ಹೋಳಿಗೆ ಬೇಡ ಎಂದು ಅವರೇನೂ ಹೇಳಲಿಲ್ಲ, ಅದಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ. ಎಣಿಸುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡರು. ಕುರ್ಚಿಯಲ್ಲಿ ಕೂತು ಜೋರಾಗಿ ಒಂದು, ಎರಡು, ಮೂರು ಎನ್ನುತ್ತಿದ್ದರು, ಆಮೇಲೆ ಮತ್ತೆ ಎರಡು ಎನ್ನುತ್ತಿದ್ದರು. ಬೇಕೆಂದೇ ಮಾಡುತ್ತಿದ್ದರು ಎಂಬುದು ನನಗೆ ತಿಳಿಯಲು ಕೆಲವು ದಿನ ಬೇಕಾಯಿತು. ಕೇಳಿದರೆ, ವಯಸ್ಸಾಯಿತು ಮರೆವು ಎಂದು ಕಿಟಕಿಯ ಕಡೆ ತಿರುಗಿದರು.

ಬಸ್ಕಿಗೆ ಸರಳು ಬೇಡವಾದ ಮೇಲೆ ಟೀಚರ್ ಭಾರ ಹಿಡಿಯಲು ಹೇಳಿದರು. ನಮ್ಮ ಹಿತ್ತಿಲಲ್ಲಿ ಒಂದು ಹಳೆಯ ರುಬ್ಬುಗುಂಡು ಬಿದ್ದಿತ್ತು. ಮಿಕ್ಸಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಮಣ್ಣಿನಲ್ಲಿ ಅರ್ಧ ಹೂತು ಹೋಗಿತ್ತು. ಮೊದಲ ದಿನ ಅಲುಗಾಡಲಿಲ್ಲ. ಎರಡನೆಯ ವಾರ ಮಿಸುಕಿತು. ಆಮೇಲೆ ಮೊಣಕಾಲಿನ ತನಕ ಬಂತು, ಹೊಟ್ಟೆಯ ತನಕ ಬಂತು, ಶಿವರಾತ್ರಿಯ ಹೊತ್ತಿಗೆ ಎದೆಯ ಮೇಲೆ ಹೂವಿನ ಬುಟ್ಟಿಯಂತೆ ಬಂದು ಕೂತಿತು. ನನ್ನ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಗುಂಡನ್ನು ಎತ್ತಿಕೊಂಡೇ ಯಜಮಾನರ ಫೋಟೋದ ಮುಂದೆ ಹೋಗಿ ನಿಂತು, ನೋಡಿ ನಿಮ್ಮ ಹೆಂಡತಿಯನ್ನು ಎಂದೆ. ನಿಮ್ಮನ್ನು ವರ್ಷಗಟ್ಟಲೆ ಒಂದೇ ತೋಳಲ್ಲಿ ಎತ್ತಿದವಳು, ನನ್ನ ಮೈಯಲ್ಲಿ ಮೊದಲೇ ಕಸುವಿತ್ತು, ಮರೆತಿದ್ದೆ ಅಷ್ಟೆ ಎಂದೆ. ಟೀಚರ್ ಕೂಡ ಸೀಟಿ ಊದಿ ಅಭಿನಂದಿಸಿದರು.

ಆ ದಿನವೇ ಅತ್ತೆಯ ಮುಂದೆ ಎಲೆ ಇಟ್ಟು, ಕಾಲು ಅಗಲಿಸಿ ನಿಂತು, ಮಂಡಿ ಮಡಿಸಿ, ಬೆನ್ನು ನೇರ ಮಾಡಿ, ಪಾಠ ಹೇಳಿಕೊಟ್ಟ ಹಾಗೆಯೇ ಅವರನ್ನು ತಬ್ಬಿ ಎದ್ದೆ. ಅಂದರೆ ಏಳಲು ಹೋದೆ. ಬಂಡೆಯನ್ನು ತಬ್ಬಿಕೊಂಡ ಹಾಗಾಯಿತು. ಇನ್ನೊಂದು ಸಲ, ಮತ್ತೊಂದು ಸಲ. ಅತ್ತೆಯ ಹಿಮ್ಮಡಿಯ ಕೆಳಗೆ ಒಂದು ಕೂದಲೂ ತೂರುವಂತಿರಲಿಲ್ಲ. ನಾನು ನೆಲದ ಮೇಲೆ ಕೂತೆ. ಅತ್ತೆ ಆ ಗುಂಡನ್ನು ತಂದು ತಮ್ಮ ಮಡಿಲಲ್ಲಿ ಇಡಲು ಹೇಳಿದರು. ಇಟ್ಟೆ. ಅವರು ಅದನ್ನು ಒಂದೇ ಕೈಯಲ್ಲಿ ಎತ್ತಿ, ಕೊಬ್ಬರಿ ಗಿಟುಕು ತೂಗಿ ನೋಡುವಂತೆ ಮೇಲೆ ಕೆಳಗೆ ಆಡಿಸಿದರು.

"ನೀನು ಬೆಳೆದಿಲ್ಲ ಕಣೆ. ಕಲ್ಲು ಕರಗಿದೆ," ಎಂದರು.

ಹುಟ್ಟಿದಾಗಿನಿಂದ ಈ ಊರಿನಲ್ಲಿರುವ ನನಗೆ, ಎತ್ತಿದ್ದು ಹಗುರವಾಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಡ್ರಿಲ್ ಟೀಚರಿಗೂ ಹೊಳೆಯಲಿಲ್ಲ. ಮಕ್ಕಳಿಗೆ ಕವಾಯತು ಮಾಡಿಸಿದ್ದೇನೆಯೇ ಹೊರತು ಕಲ್ಲು ಎತ್ತಿಸಿದವಳಲ್ಲ ಎಂದು ಅವರು ತಲೆ ಚಚ್ಚಿಕೊಂಡರು. ನಾನು ಒಂದೇ ಕಲ್ಲನ್ನು ಎತ್ತಿ ಎತ್ತಿ ಅದರ ಭಾರವನ್ನೆಲ್ಲ ಇಳಿಸಿ, ಅದನ್ನೇ ನನ್ನ ಬಲವೆಂದು ಬಗೆದಿದ್ದೆ. ಅಂದು ಒಲೆಯ ಮುಂದೆ ಕೂತಾಗ ಇನ್ನೊಂದು ಯೋಚನೆ ಬಂತು, ಅದು ಕಲ್ಲಿಗಿಂತ ಹೆಚ್ಚು ನೋಯಿಸಿತು. ಯಜಮಾನರು ನನ್ನ ತೋಳಿಗೆ ಹೂವಾಗಿದ್ದದ್ದೂ ನನ್ನ ಕಸುವಿನಿಂದಲ್ಲ. ದಿನವೂ ಎತ್ತುತ್ತಿದ್ದೆನಲ್ಲ, ಅದಕ್ಕೆ ಅವರು ಹಗುರವಾಗಿದ್ದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಸಾರು ಉಕ್ಕಿ ಒಲೆ ಆರಿತು, ಪಡಸಾಲೆಯಿಂದ ಅತ್ತೆ ಅದಕ್ಕೂ ಒಂದು ಮಾತು ಅಂದರು.

ಅಳು ಮುಗಿದ ಮೇಲೆ ಹಟ ಅಲ್ಲೇ ಇತ್ತು. ಟೀಚರಿಗೆ ರವಿಕೆ ಕೊಡಲು ಎದುರುಮನೆಗೆ ಹೋದೆ. ಅವರ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕು ಕಂಡಿತು, ಅದರ ಭಾರಕ್ಕೆ ಕೆಳಗಿನ ಗಾರೆ ಬಿರುಕು ಬಿಟ್ಟಿತ್ತು. ಇದನ್ನು ಎತ್ತಿ ಎಷ್ಟು ಕಾಲವಾಯಿತು ಟೀಚರ್ ಎಂದು ಕೇಳಿದೆ. ನಮ್ಮೂರಿನಲ್ಲಿ ಯಾರನ್ನೂ ಹಾಗೆ ಕೇಳುವ ಪದ್ಧತಿಯಿಲ್ಲ, ಸ್ನಾನ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದಂತೆ ಅದು. ಟೀಚರ್ ಮುಖ ಕೆಂಪಗಾಯಿತು. ತಂಗಿಯದು, ಅವಳು ಸನ್ಯಾಸಿನಿಯಾಗಿ ಕನ್ಯಾಮಠ ಸೇರಿದ ಮೇಲೆ ಮುಟ್ಟಲು ಮನಸ್ಸಾಗಿಲ್ಲ ಎಂದರು. ನಾನು ಎತ್ತಲೇ ಎಂದೆ. ಅವರಿಗೆ ಆಗ ಅರ್ಥವಾಯಿತು. ಸೀಟಿಯನ್ನು ತುಟಿಗಿಟ್ಟುಕೊಂಡರು.

ಹೀಗೆ ನನ್ನ ಹೊಸ ಕಸರತ್ತು ಶುರುವಾಯಿತು. ಒಂದು ವಸ್ತುವನ್ನು ನೆಲದಿಂದ ಬಿಡಿಸಿದರೆ ಮುಗಿಯಿತು, ಮುಂದಿನದನ್ನು ಆ ಮನೆಯವರೇ ನೋಡಿಕೊಳ್ಳಬೇಕು. ನನಗೆ ಬೇಕಾದದ್ದು ಇನ್ನೂ ಕರಗದ ಭಾರ, ಅದಕ್ಕಿಂತ ಭಾರವಾದ ಇನ್ನೊಂದು, ಅದಕ್ಕಿಂತಲೂ ಭಾರವಾದ ಮತ್ತೊಂದು. ಕೇಳಿದಾಗ ಎಲ್ಲರೂ ಮೊದಲು ಮುಖ ಸಿಂಡರಿಸಿದರು. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲವಮ್ಮ ಎಂದರು. ಸಂಜೆಯಾಗುತ್ತಲೇ ಹಿತ್ತಿಲ ಬಾಗಿಲಿನಿಂದ ಬಂದು, ನಮ್ಮಲ್ಲೂ ಒಂದಿದೆ, ಯಾರಿಗೂ ಹೇಳಬೇಡ ಎಂದು ಪಿಸುಗುಟ್ಟಿದರು. ಊರಿನ ಹೊಸ್ತಿಲುಗಳನ್ನು ಎಷ್ಟೋ ವರ್ಷ ನೋಡಿದ್ದೆ, ಈಗ ಮೂಲೆಗಳನ್ನು ನೋಡಿದೆ. ಅಟ್ಟ ಸೀಳಿಕೊಂಡು ಕೆಳಗಿನ ಕೋಣೆಗೆ ಇಳಿಯಲು ಸಿದ್ಧವಾಗಿದ್ದ ತಾಮ್ರದ ಹಂಡೆ. ಅಣ್ಣ ತಮ್ಮ ಜಗಳವಾಡಿ ಇಬ್ಬರೂ ಮುಟ್ಟದೆ ಬಿಟ್ಟ ಅಪ್ಪನ ಆರಾಮಕುರ್ಚಿ. ಒಂದು ಮನೆಯ ಒಳಕೋಣೆಯಲ್ಲಿ ಖಾಲಿ ತೊಟ್ಟಿಲಿತ್ತು. ನೋಡಲು ಬಿದಿರಿನದು, ಆದರೆ ನಾನು ಅಷ್ಟು ಭಾರವಾದದ್ದನ್ನು ಅದುವರೆಗೆ ಎತ್ತಿರಲಿಲ್ಲ. ಉಸಿರು ಬಿಟ್ಟು, ಕಾಲಿನ ಬಲದಿಂದ, ಮೂರನೆಯ ಪ್ರಯತ್ನಕ್ಕೆ ಬೆರಳಷ್ಟು ಎತ್ತಿದೆ. ಆ ಮನೆಯಾಕೆ ಗೋಡೆಗೆ ಮುಖ ಮಾಡಿ ನಿಂತಿದ್ದವಳು ತಿರುಗಿ ಬಂದು, ಬಿಡಿ ಅಕ್ಕ, ಇನ್ನು ನಾನೇ ಎತ್ತುತ್ತೇನೆ ಎಂದಳು.

ನನ್ನ ತೊಡೆ ಗಟ್ಟಿಯಾಯಿತು. ರವಿಕೆಯ ತೋಳುಗಳನ್ನು ಬಿಚ್ಚಿ ದೊಡ್ಡದು ಮಾಡಿಕೊಂಡೆ, ಹೊಟ್ಟೆಯ ಬಳಿ ಸಣ್ಣದು ಮಾಡಿಕೊಂಡೆ. ಆದರೂ ಮೆಟ್ಟಿಲು ಹತ್ತಿದರೆ ಹಲಗೆ ಮೊದಲಿಗಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ಸಣ್ಣಗಾಗಿದ್ದೀಯ, ಆದರೂ ಹೆಜ್ಜೆಯ ಸದ್ದು ಯಾಕೆ ಜೋರಾಗಿದೆ ಎಂದು ಅತ್ತೆ ಒಮ್ಮೆ ಕೇಳಿದರು. ನಾನು ಯಂತ್ರದ ಮುಂದೆ ಕೂತು ಪೆಡಲ್ ತುಳಿದೆ. ಅವರು ನನ್ನ ಕಾಲುಗಳನ್ನೇ ನೋಡುತ್ತಾ ಕೂತರು.

ಯುಗಾದಿಯ ದಿನ ರುದ್ರೇಶ ಕೊನೆಯ ಸಲ ಎತ್ತಿದ. ಎಲೆಯ ಮೇಲೆ ಇಳಿಸುವಾಗ ಕೈ ಜಾರಿ ಎಲೆ ಹರಿದುಹೋಯಿತು. ಬೇವು ಬೆಲ್ಲ ತಿಂದು, ತಾಯಿಯ ಮುಖ ನೋಡದೆ ಹೊರಟುಹೋದ. ಮಾರನೆಯ ದಿನ ನಾನು ಎತ್ತಲು ಹೋದೆ. ಅತ್ತೆಯ ಬೆನ್ನು ಕುರ್ಚಿಯಿಂದ ಬಿಟ್ಟಿತು, ಒಂದು ಹಿಮ್ಮಡಿ ಎದ್ದಿತು, ಅಷ್ಟೇ. ನಮ್ಮ ಹೊಸ್ತಿಲು ಬರಿದಾಯಿತು. ಅದರ ಮಾರನೆಯ ದಿನವೂ ಹಾಗೇ. ಅಂದು ಮಧ್ಯಾಹ್ನ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಹೊಸ್ತಿಲ ಮೇಲೆ ಒಂದು ಎಲೆ ಬಿದ್ದಿತ್ತು. ಅತ್ತೆ ತಮ್ಮ ಎಲೆ ಅಡಿಕೆಯ ತಟ್ಟೆಯಿಂದ ತೆಗೆದು, ಅಂಗೈಯಲ್ಲಿ ಉಜ್ಜಿ, ಕೂತಲ್ಲಿಂದಲೇ ಎಸೆದಿದ್ದರು. ಬೆರಳಿನ ಗುರುತು ಯಾವುದು, ಹಿಮ್ಮಡಿಯ ಗುರುತು ಯಾವುದು ಎಂದು ನಮ್ಮ ಬೀದಿಗೆ ತಿಳಿಯದೆ ಇರುತ್ತದೆಯೇ? ಎಲೆಯನ್ನು ಎತ್ತಿ ಅವರ ತಟ್ಟೆಗೆ ಹಾಕಿದೆ. ನನಗೆ ಸಿಟ್ಟು ಬರಲಿಲ್ಲ. ಭಾರದ ಮನೆಯ ಅಡಿಗೆ ಹೊಗಳುತ್ತಿದ್ದವರು ಎಷ್ಟು ಹೆದರಿದ್ದಾರೆ ಎಂದು ಆಗ ತಿಳಿಯಿತು.

ಮೂರನೆಯ ಬೆಳಿಗ್ಗೆ ಗಾಡಿ ಬಂತು. ಅಗಲ ಚಕ್ರದ ಗಾಡಿ, ಅದರ ಮೇಲೆ ಹಲಗೆ, ಹಗ್ಗ. ಜೊತೆಗಿದ್ದ ಮೇಸ್ತ್ರಿ ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು, ಎರಡು ದಿನದಿಂದ ಎಲೆ ಕಾಣಲಿಲ್ಲ ತಾಯಿ ಎಂದ. ಗಾಡಿಯ ಹಿಂದೆ ರುದ್ರೇಶ ಸೈಕಲ್ ಹಿಡಿದು ನಿಂತಿದ್ದ. ಎದುರಿನ ಜಗಲಿಯಿಂದ ಫಿಲೋಮಿನಾ ಟೀಚರ್ ಇಳಿದು ಬಂದರು. ನಾನು ಮೇಸ್ತ್ರಿಗೆ ಕೂರಲು ಹೇಳಿ, ಕಾಫಿ ಕೊಟ್ಟೆ. ಇದನ್ನು ಕುಡಿದು ಮುಗಿಸುವ ತನಕ ಸಮಯ ಕೊಡಿ ಎಂದೆ. ಅವನು ಒಳ್ಳೆಯವನು, ಲೋಟವನ್ನು ಕೆಳಗಿಟ್ಟು ಆರಿಸತೊಡಗಿದ.

ಅತ್ತೆಯ ಮುಂದೆ ಎಲೆ ಇಟ್ಟೆ. ಕಾಲು ಅಗಲಿಸಿದೆ, ಮಂಡಿ ಮಡಿಸಿದೆ, ತಬ್ಬಿದೆ, ಉಸಿರು ಬಿಡುತ್ತಾ ಎದ್ದೆ. ಒಂದು ಹಿಮ್ಮಡಿ ಎದ್ದಿತು, ಅಲ್ಲಿಗೇ ನಿಂತಿತು. ಮೈ ನಡುಗುತ್ತಿತ್ತು, ಆದರೆ ಕಾಲಿನಲ್ಲಿ ಇನ್ನೂ ಬಲ ಉಳಿದಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇವರಿಗಿಂತ ಭಾರವಾದ ತೊಟ್ಟಿಲನ್ನು ಎತ್ತಿದವಳು ನಾನು. ಹಾಗಾದರೆ ತಡೆಯುತ್ತಿರುವುದು ಯಾವುದು ಎಂದು ತಲೆ ಬಗ್ಗಿಸಿ ನೋಡಿದರೆ, ಅತ್ತೆಯ ಎರಡೂ ಕೈಗಳು ಕುರ್ಚಿಯ ತೋಳನ್ನು ಹಿಡಿದುಕೊಂಡಿದ್ದವು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಈ ಮೂರು ದಿನವೂ ನಾನು ಅತ್ತೆಯ ಜೊತೆಗೆ, ಯಾರೂ ಎತ್ತದೆ ಬಿಟ್ಟ ಆ ಕುರ್ಚಿಯನ್ನೂ ಎತ್ತುತ್ತಿದ್ದೆ. ನಾನು ಅಷ್ಟು ದಿನ ಎತ್ತಿದ್ದೆಲ್ಲ ಬರೀ ಸಾಮಾನು, ಅವು ಹೆದರಿ ಏನನ್ನೂ ಹಿಡಿದುಕೊಳ್ಳುವುದಿಲ್ಲ.

"ಕುರ್ಚಿ ಬಿಡಿ ಅತ್ತೆ. ನನ್ನ ಕತ್ತು ಹಿಡ್ಕೊಳ್ಳಿ," ಎಂದೆ.

"ಬಿದ್ರೆ?"

"ಬಿದ್ರೆ ಇಬ್ಬರೂ ಬೀಳೋಣ. ನಾನು ಬಿಡಲ್ಲ."

ಅವರು ನನ್ನ ಮುಖ ನೋಡಿದರು. ಒಂದು ಕೈ ಬಿಟ್ಟರು, ಆಮೇಲೆ ಇನ್ನೊಂದು. ಎರಡೂ ನನ್ನ ಕೊರಳ ಸುತ್ತ ಬಂದವು, ಕೊಬ್ಬರಿ ಎಣ್ಣೆ ಮತ್ತು ವಿಭೂತಿಯ ವಾಸನೆ ಬಂತು. ನಾನು ಎದ್ದೆ. ತೊಡೆಗಳು ಉರಿದವು, ಕಣ್ಣಿಗೆ ಕತ್ತಲೆ ಬಂತು, ಹಿಂದೆ ಟೀಚರ್ ಉಸಿರು ಬಿಡು ಎಂದು ಕೂಗಿದ್ದು ಕೇಳಿಸಿತು. ಅತ್ತೆಯ ಕಾಲು ನೆಲ ಬಿಟ್ಟಿತು. ಮೂರು ವರ್ಷದ ಭಾರ ಅದು, ಮಗನನ್ನು ಕಳೆದುಕೊಂಡವರ ಭಾರ, ಅದನ್ನು ಮೈಗೆ ಮೈ ಒತ್ತಿ ಹಿಡಿದಾಗ ಅದರಲ್ಲಿ ಅರ್ಧ ನನ್ನದೇ ಎಂದು ಗೊತ್ತಾಯಿತು. ಒಂದು ಹೆಜ್ಜೆ ಇಟ್ಟು ಎಲೆಯ ಮೇಲೆ ಇಳಿಸಿದೆ. ಎಲೆ ಹರಿಯಲಿಲ್ಲ. ಅವರನ್ನು ಕುರ್ಚಿಗೆ ಒರಗಿಸಿ, ಎಲೆ ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಇಟ್ಟೆ. ಮೇಸ್ತ್ರಿ ಬಗ್ಗಿ ಹಿಮ್ಮಡಿಯ ಗುರುತು ನೋಡಿದ, ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ. ಗಾಡಿ ತಿರುಗಿಸಿಕೊಂಡು ಹೋದ. ರುದ್ರೇಶ ಬೀದಿಯಲ್ಲೇ ಮಗುವಿನಂತೆ ಅತ್ತ, ಟೀಚರ್ ಸೀಟಿ ಊದಿದ್ದೇ ಊದಿದ್ದು.

ಆಮೇಲಿನದು ದಿನದ ಕೆಲಸ. ನನ್ನದು ಮೊದಲ ಎತ್ತು, ಪೂರ್ತಿ ಫಲ. ಅತ್ತೆ ದಿನದಿಂದ ದಿನಕ್ಕೆ ಹಗುರವಾದರು. ಬೇಸಿಗೆ ಕಳೆಯುವಷ್ಟರಲ್ಲಿ ಗೋಡೆ ಹಿಡಿದು ನಿಂತರು, ಆಮೇಲೆ ಗೋಡೆ ಬಿಟ್ಟು ಅಡಿಗೆ ಮನೆಗೆ ಬಂದು ಸಾರಿನ ರುಚಿ ನೋಡಿ, ಮೂರು ಬೀದಿಗೆ ಕೇಳಿಸುವಂತೆ ಮಾತಾಡಿದರು. ಅವರು ಹಗುರವಾದರೆಂದು ನಾನು ಕಸರತ್ತು ಬಿಡಲಿಲ್ಲ. ದಿನ ಬಿಟ್ಟು ದಿನ ಬಸ್ಕಿ, ದಂಡ, ಯಾರದಾದರೂ ಮನೆಯ ಒಂದು ಮೂಲೆ. ನನ್ನ ಹಿಂದೆ ಕಿಟಕಿಯ ಸರಳು ಹಿಡಿದು ಅತ್ತೆಯೂ ಏನೋ ಮಾಡುತ್ತಿದ್ದರು. ಕಾಲಿನ ಜೋಮು ಬಿಡಿಸಿಕೊಳ್ಳುತ್ತಿದ್ದೇನೆ, ನಿನ್ನ ಕೆಲಸ ನೀನು ನೋಡು ಎನ್ನುತ್ತಿದ್ದರು. ಆದ್ದರಿಂದ ನಾನು ತಿರುಗಿ ನೋಡಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅತ್ತೆಯನ್ನು ಎತ್ತಿ ಇಳಿಸಿ, ಎಲೆಯನ್ನು ಹೊಸ್ತಿಲಿಗೆ ಹಾಕಿ ಬಂದು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದೆ. ಅತ್ತೆ ತಟ್ಟೆಯಿಂದ ಇನ್ನೊಂದು ಎಲೆ ತೆಗೆದರು. ಹಾಕಿಕೊಳ್ಳಲಿಕ್ಕೆ ಇರಬೇಕೆಂದು ಸುಣ್ಣದ ಡಬ್ಬಿ ಮುಂದೆ ತಳ್ಳಿದೆ. ಅವರು ಸುಣ್ಣ ಮುಟ್ಟಲಿಲ್ಲ. ನಿಧಾನವಾಗಿ ಬಗ್ಗಿ, ಆ ಎಲೆಯನ್ನು ನನ್ನ ಕಾಲಿನ ಪಕ್ಕ ನೆಲದ ಮೇಲೆ ಇಟ್ಟರು. ಹಿಂದಿನಿಂದ ಬಂದು ನನ್ನ ಕಂಕುಳಿಗೆ ಕೈ ಹಾಕಿದರು. ಬೇಡ ಅತ್ತೆ, ನಾನು ತುಂಬ ಭಾರ ಇದ್ದೇನೆ, ನಿಮ್ಮ ಸೊಂಟ ಹೋಗುತ್ತದೆ ಎಂದೆ.

"ಸುಮ್ನಿರೆ. ಕಾಲಿಂದ ಎತ್ತಬೇಕು ಅಂತ ನನಗೂ ಗೊತ್ತು," ಎಂದರು.

ಅವರ ಉಸಿರು ನನ್ನ ಬೆನ್ನಿಗೆ ತಾಗಿತು. ಅವರ ತೋಳು ನಡುಗುವುದು ನನ್ನ ಮೈಗೆಲ್ಲ ತಿಳಿಯುತ್ತಿತ್ತು. ನನ್ನ ಹಿಮ್ಮಡಿ ನೆಲ ಬಿಟ್ಟಿತು, ಆಮೇಲೆ ಬೆರಳುಗಳೂ ಬಿಟ್ಟವು. ಮೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಮೊದಲ ಸಲ ನನ್ನ ಕಾಲಿನ ಕೆಳಗೆ ಏನೂ ಇರಲಿಲ್ಲ. ಒಂದು ಕ್ಷಣವಷ್ಟೇ, ಎಲೆ ತಣ್ಣಗೆ ಪಾದಕ್ಕೆ ತಾಗಿತು. ಅತ್ತೆ ಗೋಡೆ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು.

"ಭಾರವಾಗಿದ್ದೀಯ ಕಣೆ," ಎಂದರು. "ಹೇಳಬಾರದಾಗಿತ್ತೇನೆ?"

ನಾನು ಬಗ್ಗಿ ಎಲೆ ತೆಗೆದುಕೊಳ್ಳಲು ಹೋದರೆ ಬಿಡಲಿಲ್ಲ. ತಾವೇ ತೆಗೆದುಕೊಂಡು, ಗೋಡೆ ಹಿಡಿದು ಬಾಗಿಲ ತನಕ ನಡೆದು ಹೋದರು. ಎದುರುಮನೆಯ ಟೀಚರ್ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದಾಗ ನಮ್ಮ ಹೊಸ್ತಿಲ ಮೇಲೆ ಎರಡು ಎಲೆಗಳಿದ್ದವು. ಆ ದಿನ ನಾನು ಹೊತ್ತೇರುವ ತನಕ ಕಸ ಗುಡಿಸಲಿಲ್ಲ.